ಉಳಿದ ಐದು ಗಾಡಿ

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಆ ಓಣಿಯಲ್ಲಿ ಒಂಬತ್ತು ಮನೆ, ಒಂಬತ್ತು ಕಾರು. ಮನೆ ಕಟ್ಟುವಾಗ ಎಲ್ಲರೂ ಒಂದು ಕೋಣೆ ಹೆಚ್ಚಿಗೆ ಎತ್ತಿಕೊಂಡರೇ ಹೊರತು ಗಾಡಿಗೆಂದು ಯಾರೂ ಜಾಗ ಬಿಡಲಿಲ್ಲ. ಹಾಗಾಗಿ ಒಂಬತ್ತೂ ಕಾರು ರಾತ್ರಿ ಗೋಡೆ ಹಿಡಿದು ಓಣಿಯಲ್ಲೇ ಸಾಲಾಗಿ ನಿಲ್ಲುತ್ತಿದ್ದವು. ಆ ಸಾಲಿನಲ್ಲಿ ನಾಲ್ಕನೆಯದು ದಾಕ್ಷಾಯಿಣಿಯ ಮನೆಯದು.

ನವರಾತ್ರಿಯ ನಡುವೆ ಏಳನೇ ಮನೆಯ ರೋಹಿತನ ಕಾರಿನ ಗಾಜು ಒಡೆದು ಯಾರೋ ಲ್ಯಾಪ್‌ಟಾಪಿನ ಚೀಲ ಎತ್ತಿಕೊಂಡು ಹೋದರು. ಕಳವಾದದ್ದು ಒಂದು ಮನೆಯದು, ನಿದ್ದೆ ಹೋದದ್ದು ಒಂಬತ್ತು ಮನೆಯದು. ದಾಕ್ಷಾಯಿಣಿಯ ಗಂಡ ಬಸವಪ್ರಭು ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವವನು, ಯಾವುದನ್ನೂ ನಾಳೆಗೆ ಬಿಡುವ ಪೈಕಿಯಲ್ಲ. ಅಷ್ಟಮಿಯ ದಿನವೇ ಕ್ಯಾಮೆರಾ ತಂದು ಬಾಗಿಲ ಮೇಲೆ, ಕಾರಿಗೆ ಮುಖ ಮಾಡಿ ಕೂರಿಸಿದ. ರಾತ್ರಿ ಕ್ಯಾಮೆರಾದ ಮುಂದೆ ಮನುಷ್ಯರು ಸುಳಿದರೆ ಫೋನು ಟಿಣ್ ಅನ್ನುವಂತೆ ಅಂಗಡಿಯವನು ಮರುದಿನ ಬೆಳಿಗ್ಗೆ ಬಂದು ಹೊಂದಿಸಿಕೊಟ್ಟ. ಬಸವಪ್ರಭು ಮಲಗಿದರೆ ಕಲ್ಲುಗುಂಡು. ಆದ್ದರಿಂದ ಆ ಟಿಣ್ ಬಂದದ್ದು ದಾಕ್ಷಾಯಿಣಿಯ ಫೋನಿಗೆ.

ಅಂದೇ ಖಂಡೇನವಮಿ. ಆ ದಿನ ದುಡಿಯುವ ವಸ್ತುವೆಲ್ಲ ದೇವರೇ. ತಕ್ಕಡಿ, ಈಳಿಗೆ, ಮಿಕ್ಸರು, ಹೊಲಿಗೆ ಯಂತ್ರ, ಕಾರು ಎಲ್ಲಕ್ಕೂ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡು ಹೂ ಏರಿಸಿದ ದಾಕ್ಷಾಯಿಣಿ ಕಡೆಗೆ ಸ್ಟೂಲು ಹತ್ತಿ ಕ್ಯಾಮೆರಾಕ್ಕೂ ಪೂಜೆ ಮಾಡಿದಳು.

"ಅದನ್ನೂ ಬಿಡಲಿಲ್ಲೇನ ನೀ?" ಎಂದು ಗಂಡ ನಕ್ಕ.

"ಅದೂ ದುಡೀತೈತಲ್ರೀ. ಬರೇ ರಾತ್ರಿ ಪಾಳಿ ಅದರದು."

ಆ ರಾತ್ರಿ ಎರಡೂ ಇಪ್ಪತ್ತಕ್ಕೆ ಫೋನು ಮೊದಲ ಸಲ ಟಿಣ್ ಎಂದಿತು.

ಹೊದಿಕೆಯೊಳಗೇ ಆಕೆ ನೋಡಿದಳು. ಹಾಲು ಚೆಲ್ಲಿದಂತೆ ಮಸುಕಾದ ಚಿತ್ರ. ಕಾರಿನ ಮಗ್ಗುಲಿಗೆ ಒಬ್ಬ ಬಂದು ನಿಂತ. ಕೈಕಾಲು ಕಾಣುತ್ತಿದ್ದವು, ಎದೆ ಕಾಣುತ್ತಿತ್ತು. ಮುಖ ಇರಬೇಕಾದಲ್ಲಿ ಮಾತ್ರ ಬರೀ ಬಿಳಿ. ಅವನು ಬಾಗಿಲ ಹಿಡಿಕೆಯನ್ನು ಒಮ್ಮೆ ಮೆಲ್ಲಗೆ ಜಗ್ಗಿ ನೋಡಿ, ಮುಂದಿನ ಕಾರಿನತ್ತ ಹೋದ. ದಾಕ್ಷಾಯಿಣಿಗೆ ಬೆಳಗಿನವರೆಗೆ ಕಣ್ಣು ಹತ್ತಲಿಲ್ಲ.

ಬೆಳಗಾದೊಡನೆ ಬಸವಪ್ರಭು ಅದನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ. ರೋಹಿತ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ಓಡಿ ಬಂದ.

"ಮಾರಿಗೆ ಬಿಳೀ ಅರಿವಿ ಕಟಗೊಂಡಾನ ನೋಡ್ರಿ ಕಾಕಾ! ಇವನ ನನ್ನ ಬ್ಯಾಗ್ ಒಯ್ದಾಂವ. ಇವತ್ತ ರಾತ್ರಿ ಹಿಡಿಯೋಣ."

"ಗುರುಶಿದ್ದಪ್ಪಜ್ಜಗ ಒಂದ್ ಮಾತು ಹೇಳೂಣೇನು?" ಎಂದಳು ದಾಕ್ಷಾಯಿಣಿ.

"ಬ್ಯಾಡ್ರಿ ಕಾಕು. ಅಂವ ಸೀಟಿ ಊದಿ ಕಳ್ಳನ್ನ ಓಡಸ್ತಾನ."

ಅಷ್ಟರಲ್ಲಿ ಸೇರಿದ್ದ ನೆರೆಯವರೆಲ್ಲ ನಕ್ಕರು. ಗುರುಶಿದ್ದಪ್ಪ ಆ ಓಣಿಯ ರಾತ್ರಿ ಕಾವಲುಗಾರ. ಉಪ್ಪಿನಬೆಟಗೇರಿಯವನು, ಎಪ್ಪತ್ತರ ಹತ್ತಿರದವನು. ಅಮರಗೋಳದ ಮಾರ್ಕೆಟ್ಟಿನ ಗೋದಾಮುಗಳನ್ನು ಮೂವತ್ತು ವರ್ಷ ಕಾದು, ಅಲ್ಲಿ ವಯಸ್ಸಾಯಿತು ಅಂದಾಗ ಈ ಓಣಿಗೆ ಬಂದಿದ್ದ. ಒಂದು ಕೋಲು, ಒಂದು ಬ್ಯಾಟರಿ ದೀಪ, ಕೊರಳಲ್ಲಿ ಸೀಟಿ. ಮಾತು ಕಡಿಮೆ, ಕೇಳಿದರೆ ಹೇಳುತ್ತಿದ್ದ, ಕೇಳದಿದ್ದರೆ ಇಲ್ಲ. ಅವನು ರಾತ್ರಿಯೆಲ್ಲ ಏನು ಮಾಡುತ್ತಾನೆಂದು ಓಣಿಯವರು ಯಾರೂ ಕೇಳಿರಲಿಲ್ಲ. ನಾವು ಮಲಗುವುದಕ್ಕೇ ಅಲ್ಲವೇ ಕಾವಲುಗಾರನನ್ನು ಇಟ್ಟುಕೊಳ್ಳುವುದು.

ಸಂಜೆ ಅವನು ಬನ್ನಿ ತೆಗೆದುಕೊಂಡು ಬಂದ. ದಶಮಿಯಲ್ಲವೇ. ಒಂಬತ್ತೂ ಮನೆಗೆ ಹೋಗಿ ಎಲೆ ಕೊಟ್ಟು ಬರುವುದು ಅವನ ವಾಡಿಕೆ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ, ಯವ್ವಾ."

"ಬಂಗಾರದಂಗ ಇರೂಣು, ಅಜ್ಜಾ," ಎಂದು ದಾಕ್ಷಾಯಿಣಿ ಅವನಿಗೂ ಎಲೆ ಕೊಟ್ಟು, ಅವನು ಕೊಟ್ಟದ್ದನ್ನು ದೇವರ ಜಗಲಿಯ ಮೇಲಿಟ್ಟಳು. ರಾತ್ರಿಯ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಆ ರಾತ್ರಿ ಎರಡೂ ಇಪ್ಪತ್ತಕ್ಕೆ ಹಿಡಿಕೆಯ ಮೇಲೆ ಕೈ ಬಿದ್ದದ್ದೇ ತಡ, ಕಂಪೌಂಡಿನೊಳಗೆ ಕುಳಿತಿದ್ದ ಬಸವಪ್ರಭು, ರೋಹಿತ, ಪಕ್ಕದ ಮನೆಯವ ಮೂವರೂ ಜಿಗಿದರು. ನಾಲ್ಕೈದು ಏಟು ಬಿದ್ದವು. ಆಮೇಲೆ ಬಸವಪ್ರಭು ಫೋನಿನ ಬೆಳಕು ಬಿಟ್ಟ. ನೆಲದ ಮೇಲೆ ಬಿದ್ದಿದ್ದವನು ಗುರುಶಿದ್ದಪ್ಪ.

ರೋಹಿತನ ಎತ್ತಿದ ಕೈ ಕೆಳಗಿಳಿಯಿತು.

"ಬೇಲೀನ ಎದ್ದು ಹೊಲಾ ಮೇದಂಗಾತಲ್ಲೋ!" ಎಂದ ಬಸವಪ್ರಭು.

"ಲಾಕ್ ಬಿದ್ದೈತೋ ಇಲ್ಲೋ ನೋಡಾಕತ್ತಿದ್ನಿರೀ ಸಾವ್ಕಾರ್ರ. ದಿನಾ ನೋಡ್ತೇನ್ರೀ."

"ನೋಡಂತ ನಿನಗ ಯಾರ್ ಹೇಳ್ಯಾರ?" ಎಂದ ರೋಹಿತ. ಆದರೆ ಅವನ ದನಿ ಸಡಿಲಾಗಿತ್ತು. ಮುದುಕನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವರು ಅವನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ನಂಬಿಬಿಡುತ್ತಿದ್ದರೋ ಏನೋ.

ಮೆಟ್ಟಿಲ ಮೇಲೆ ನಿಂತಿದ್ದ ದಾಕ್ಷಾಯಿಣಿ ಕೇಳಿದಳು, "ಮತ್ತ ನಿನ್ನೆ ರಾತ್ರಿ ಮಾರಿ ಯಾಕ ಮುಚ್ಚಿಗೊಂಡಿದ್ದಿ ಅಜ್ಜಾ? ತಪ್ಪಿಲ್ಲದಾಂವಗ ಮಾರಿ ಮುಚ್ಚೂ ಕೆಲಸೇನು?"

ಗುರುಶಿದ್ದಪ್ಪ ಆಕೆಯತ್ತ ನೋಡಿದ. ನಿಧಾನವಾಗಿ ಕೈ ಎತ್ತಿ ತನ್ನ ಮುಖ ಮುಟ್ಟಿಕೊಂಡ. ಅಲ್ಲಿ ತನಗೆ ಗೊತ್ತಿಲ್ಲದ ಬಟ್ಟೆಯೇನಾದರೂ ಇದೆಯೋ ಎಂದು ಹುಡುಕುವವನ ಹಾಗೆ. ಆಮೇಲೆ ತಪ್ಪಿಲ್ಲವೆಂದು ವಾದಿಸಲಿಲ್ಲ. ಎದ್ದು, ಬ್ಯಾಟರಿ ಮತ್ತು ಕೋಲನ್ನು ಕಂಪೌಂಡಿನ ಮೇಲಿಟ್ಟು ಒಂದೇ ಮಾತು ಹೇಳಿದ:

"ಇನ್ನೂ ಐದು ಗಾಡಿ ಉಳದಾವ್ರೀ."

"ಕೇಳಿದ್ರೇನು? ಇನ್ನೂ ಐದು ಬಾಕಿ ಅಂತ!" ಎಂದ ರೋಹಿತ.

ವಯಸ್ಸು ನೋಡಿ ಪೊಲೀಸರಿಗೆ ಕೊಡಲಿಲ್ಲ. ಓಣಿ ಬಿಡು ಎಂದರು. ಅವನು ಬಿಟ್ಟ.

ನಾಲ್ಕು ರಾತ್ರಿ ಫೋನು ಸುಮ್ಮನಿತ್ತು. ಐದನೆಯ ರಾತ್ರಿ ಶೀಗಿ ಹುಣ್ಣಿಮೆ. ಎರಡೂ ಇಪ್ಪತ್ತಕ್ಕೆ ಟಿಣ್ ಎಂದಿತು. ದಾಕ್ಷಾಯಿಣಿ ನೋಡಿದಳು. ಕಾರು ಇತ್ತು, ಬಿಳಿ ಮಸುಕು ಇತ್ತು, ಮನುಷ್ಯರು ಇರಲಿಲ್ಲ. ಬೆಕ್ಕು ಎಂದುಕೊಂಡಳು. ಮರುರಾತ್ರಿ ಅದೇ ಹೊತ್ತು, ಅದೇ ಟಿಣ್. ಮೂರನೆಯ ರಾತ್ರಿಯೂ.

"ಹುಳಾ ಹಾರಿದ್ರೂ ಬಡಕೋತೈತಿ ಅದು, ಹಾಳಾದ್ದು. ಬಂದ್ ಮಾಡಿ ಮಲ್ಕೋ," ಎಂದ ಗಂಡ.

"ಹುಳಕ್ಕ ಗಡಿಯಾರ ಗೊತ್ತಿರ್ತೈತೇನ್ರೀ?"

ಬಂದ್ ಮಾಡಿದರೂ ಆಕೆಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಕಿಟಕಿಯ ಹತ್ತಿರ ಹೋಗಲು ಧೈರ್ಯವಾಗದು, ಹಾಸಿಗೆಯಲ್ಲಿ ಇರಲು ಆಗದು. ಓಣಿಯ ನಾಯಿಗಳು ಆ ಹೊತ್ತಿಗೆ ಬೊಗಳುತ್ತಿರಲಿಲ್ಲ, ಗುರುತಿನವರು ಬಂದಾಗ ಹೇಗೋ ಹಾಗೆ ಸುಮ್ಮನೆ ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಅದು ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಆ ವಾರದಲ್ಲೇ ಹಿಂದಿನ ಓಣಿಯಲ್ಲಿ ಮತ್ತೊಂದು ಕಾರಿನ ಗಾಜು ಒಡೆಯಿತು. ಇನ್ನೊಬ್ಬ ಜೊತೆಗಾರ ಇರಬೇಕು ಎಂದು ರೋಹಿತ ಹೇಳಿದ. ತಪ್ಪು ಮಾಡಿದ ಮೇಲೆ ಮನುಷ್ಯನಿಗೆ ಲೆಕ್ಕ ತಪ್ಪಿತು ಅನ್ನುವುದಕ್ಕಿಂತ ಕಳ್ಳರು ಇಬ್ಬರು ಅನ್ನುವುದು ಸುಲಭ.

ದೀಪಾವಳಿಗೆ ಮನೆ ತೊಳೆಯುವ ದಿನ ದಾಕ್ಷಾಯಿಣಿ ಸ್ಟೂಲು ಹತ್ತಿ, ಬಾಗಿಲ ಮೇಲಿನ ಬಾಡಿದ ಚೆಂಡು ಹೂ ತೆಗೆದು, ಕ್ಯಾಮೆರಾವನ್ನು ಒದ್ದೆ ಅರಿವೆಯಿಂದ ಒರೆಸಿದಳು. ಅರಿವೆಗೆ ಬಿಳಿ ಹತ್ತಿತು. ಬಿಳಿಯ ನಡುವೆ ಒಂದಿಷ್ಟು ಕೆಂಪು.

ಸ್ಟೂಲಿನ ಮೇಲೆಯೇ ನಿಂತು ಬಹಳ ಹೊತ್ತು ಆ ಅರಿವೆಯನ್ನು ನೋಡಿದಳು. ಇಳಿದು ಫೋನು ತೆಗೆದಳು. ಕಾರಿನ ಮೇಲಿನ ಧೂಳು ಕೂಡ ಎಣಿಸುವಂತೆ ಕಾಣುತ್ತಿತ್ತು. ಅಗ್ಗದ ಕ್ಯಾಮೆರಾ, ಅದಕ್ಕೇ ಮಸುಕು ಎಂದು ಇಷ್ಟು ದಿನ ತಿಳಿದಿದ್ದರು.

ದಾಕ್ಷಾಯಿಣಿ ಯಾವುದನ್ನೂ ಮುಟ್ಟಿ ನೋಡದೆ ನಂಬುವವಳಲ್ಲ. ಕತ್ತಲಾದ ಮೇಲೆ ಮತ್ತೆ ಸ್ಟೂಲು ಹತ್ತಿ, ವಿಭೂತಿ ತೋಯಿಸಿ, ಅಂದು ಹಚ್ಚಿದಂತೆಯೇ ಕ್ಯಾಮೆರಾದ ಕಣ್ಣಿನ ಮೇಲೆ ಮೂರು ಬೆರಳು ಎಳೆದಳು. ಅದು ಒಣಗುವ ತನಕ ಕಾದು ಗಂಡನನ್ನು ಕರೆದಳು.

"ಒಂದೀಟು ಕಾರಿನ ಬಾಜೂ ನಿಂದರ್ರಿ. ಹಿಡಿಕಿ ಹಿಡೀರಿ."

"ಏನ ಹುಚ್ಚು ನಿಂದು?" ಎನ್ನುತ್ತಲೇ ಬಸವಪ್ರಭು ಹೋಗಿ ನಿಂತ.

ಫೋನಿನಲ್ಲಿ ಗಂಡನ ಕೈ ಇತ್ತು, ಹೊಟ್ಟೆ ಇತ್ತು, ಲುಂಗಿ ಇತ್ತು. ಮೂವತ್ತು ವರ್ಷ ನೋಡಿದ ಮುಖ ಇರಬೇಕಾದಲ್ಲಿ ಬರೀ ಬಿಳಿ. ಗಂಡನಿಗೆ ಫೋನು ಕೊಟ್ಟಳು. ಅವನು ನೋಡಿದ. ಅವನೂ ಕೈ ಎತ್ತಿ ತನ್ನ ಮುಖ ಮುಟ್ಟಿಕೊಂಡ. ಗುರುಶಿದ್ದಪ್ಪ ಮುಟ್ಟಿಕೊಂಡಂತೆಯೇ.

"ಅಜ್ಜನ ಮಾರಿ ಮುಚ್ಚಿದ್ದು ನಾನ್ರೀ," ಎಂದಳು.

ಬಸವಪ್ರಭು ಫೋನನ್ನು ಆಕೆಯ ಕೈಗೆ ಹಿಂದಿರುಗಿಸಿದ. "ಆದದ್ದು ಆತು. ಈಗ ಓಣ್ಯಾಗ ಡಂಗುರಾ ಹೊಡಿಬ್ಯಾಡ. ಹೊಡದಾವ್ರೊಳಗ ನಾನೂ ಅದೇನಿ."

ಆಕೆ ಮತ್ತೆ ಸ್ಟೂಲು ಹತ್ತಿದಳು. ಕ್ಯಾಮೆರಾವನ್ನು ಒರೆಸಿ, ಬಂದ್ ಮಾಡಿದ್ದ ಟಿಣ್ಣನ್ನು ಫೋನಿನಲ್ಲಿ ಮತ್ತೆ ಹಚ್ಚಿದಳು.

ಆ ರಾತ್ರಿ ಟಿಣ್ ಎಂದಾಗ ಚಿತ್ರ ಕನ್ನಡಿಯಂತಿತ್ತು. ಕಾರಿನ ಹತ್ತಿರ ಯಾರೂ ಇರಲಿಲ್ಲ. ಹಿಡಿಕೆ ಮೆಲ್ಲಗೆ ಮೇಲೆದ್ದಿತು. ಬಾಗಿಲು ಒಂದು ಬೆರಳಿನಷ್ಟು ತೆರೆದು ಮುಚ್ಚಿತು. ಆಮೇಲೆ ಏನೂ ಕಾಣಲಿಲ್ಲ, ಕಾರಿನ ಮುಂಗಾಜು ಆ ಚಿತ್ರಕ್ಕೆ ಸಿಗುತ್ತಿರಲಿಲ್ಲ. ಮುಂದಕ್ಕೂ ಏನೂ ಹೋಗಲಿಲ್ಲ. ಬಂದದ್ದು ಅಲ್ಲೇ ನಿಂತಿತು ಅನ್ನಿಸಿತು.

ಬೆಳಿಗ್ಗೆ ಅವರ ಕಾರಿನ ವೈಪರ್ ಕೋಲು ಎದ್ದು ನಿಂತಿತ್ತು. ಓಣಿಯಲ್ಲಿ ಇದು ಹಳೆಯ ಕಾಟ. ಆಗಾಗ ಯಾರಾದರೊಬ್ಬರ ಕಾರಿನ ವೈಪರ್ ಹೀಗೆ ಬೆಳಿಗ್ಗೆ ಎದ್ದಿರುತ್ತಿತ್ತು, ಹುಡುಗರ ಕಿತಾಪತಿ ಎಂದು ಎಲ್ಲರೂ ಬೈದು ಮಲಗಿಸುತ್ತಿದ್ದರು. ದಾಕ್ಷಾಯಿಣಿ ಬೈಯಲಿಲ್ಲ. ಬಾಗಿಲು ಜಗ್ಗಿ ನೋಡಿದಳು. ತೆರೆಯಿತು. ಗಂಡ ರಾತ್ರಿ ಲಾಕ್ ಹಾಕುವುದನ್ನು ಮರೆತಿದ್ದ.

ಕೋಲು, ಬ್ಯಾಟರಿ ತೆಗೆದುಕೊಂಡು ಧಾರವಾಡಕ್ಕೆ ಹೋಗಿ, ಅಲ್ಲಿಂದ ಉಪ್ಪಿನಬೆಟಗೇರಿಯ ಬಸ್ಸು ಹತ್ತಿದಳು. ಅಜ್ಜನ ಕಾಲು ಹಿಡಿಯಬೇಕು, ಓಣಿಗೆ ಕರೆದು ತರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು.

ಮನೆಯ ಮುಂದೆ ಸೊಸೆ ದಾನವ್ವ ಜೋಳ ಹಸನು ಮಾಡುತ್ತಿದ್ದಳು. ಕೋಲನ್ನು ನೋಡಿ ಕೈ ನಿಲ್ಲಿಸಿದಳು.

"ಹುಬ್ಬಳ್ಳಿಯಾವ್ರೇನ್ರೀ?"

"ಹೌದವಾ. ಅಜ್ಜಾರು ಅದಾರೇನು?"

"ಶೀಗಿ ಹುಣ್ಣಿವಿ ರಾತ್ರಿ ತೀರಿಕೊಂಡ್ರು. ನೀವು ಕೇಳಾಕ ಬರಾಕ ಎಲ್ಡ್ ವಾರ ಹಿಡೀತು."

ದಾಕ್ಷಾಯಿಣಿ ನಿಂತಲ್ಲೇ ಕೂತಳು. ದಾನವ್ವ ಬೈಯಲಿಲ್ಲ, ಅಳಲೂ ಇಲ್ಲ. ನೀರು ತಂದಿಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಹಣಿ ಗಾಯಕ್ಕ ಸತ್ತಿಲ್ರೀ ಅಂವ. ಗಾಯ ಮಾದಿತ್ತು. ಉಣ್ಣಲಿಲ್ಲ, ಮಾತಾಡಲಿಲ್ಲ. ಐದು ದಿನಾ ಕನ್ನಡಿ ಹಿಡಕೊಂಡು ಕುಂತಿದ್ದ. 'ದಾನವ್ವಾ, ನನ್ನ ಮಾರಿ ಕಾಣತೈತೇನು?' ಅಂತ ಕೇಳ್ತಿದ್ದ. ಕಾಣತೈತ್ಯೋ ಮಾವಾ ಅಂದ್ರ ನಂಬವಲ್ಲ."

"ಅವ್ರು ಹಿಡಿಕಿ ಜಗ್ಗಿ ನೋಡೂದು..."

"ಮಾರ್ಕೆಟ್ಟಿನ್ಯಾಗ ಕಲ್ತದ್ರೀ. ಒಂದೊಂದು ಗೋದಾಮಿನ ಕೀಲಿನೂ ಜಗ್ಗಿ ನೋಡಬೇಕು, ಬಿಚ್ಚಿದ್ರ ಬಾಗಲಾ ಮುಂದ ಕಲ್ಲಿಟ್ಟು ಗುರ್ತ ಮಾಡಬೇಕು. ಕಾರಿಗೆ ಕಲ್ಲಿಟ್ಟರ ಬೈತಾರಂತ, ಆ ನೀರು ಒರಸೂ ಕಡ್ಡಿ ಎಬ್ಬಸ್ತೇನಿ ಅಂತಿದ್ದ. ಮುಂಜಾನೆ ಮಾಲಕರು ನೋಡಿ, ಲಾಕ್ ಹಾಕೂದು ಮರತೇನಿ ಅಂತ ತಿಳಕೋತಾರ ಅಂತ. ನೀವು ತಿಳಕೊಂಡಿರೇನು?"

ದಾಕ್ಷಾಯಿಣಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಕ್ಯಾಮೆರಾ, ವಿಭೂತಿ, ತಾನು ಮೆಟ್ಟಿಲ ಮೇಲೆ ನಿಂತು ಕೇಳಿದ ಮಾತು ಎಲ್ಲವನ್ನೂ ಹೇಳಿದಳು. ಯಾವುದನ್ನೂ ಸಣ್ಣದು ಮಾಡಲಿಲ್ಲ. ದಾನವ್ವ ಮೊರದಲ್ಲಿನ ಜೋಳವನ್ನು ನೋಡುತ್ತ ಕೇಳಿದಳು.

"ಕಡೀ ರಾತ್ರಿ ಎದ್ದು ಕುಂತ್ರೀ. ಇನ್ನೂ ಐದು ಗಾಡಿ ಉಳದಾವು, ನಾಲ್ಕರ ಮ್ಯಾಲ ಬಿಡವಲ್ರು ಅಂದ. ಅಷ್ಟ. ಎರಡೂವರಿಕಿನ ಮೊದಲ ಜೀವ ಹೋತು."

ಎದ್ದಾಗ ದಾಕ್ಷಾಯಿಣಿ ಕೋಲು, ಬ್ಯಾಟರಿ ಮುಂದೆ ಮಾಡಿದಳು. ದಾನವ್ವ ಕೋಲನ್ನಷ್ಟೇ ತೆಗೆದುಕೊಂಡಳು.

"ಬ್ಯಾಟರಿ ಒಯ್ಯಿರಿ. ಅವನ ಕೆಲಸ ನಿಮ್ಮ ಓಣ್ಯಾಗ ಅರ್ಧಕ್ಕ ನಿಂತೈತಿ, ನಮ್ಮ ಮನ್ಯಾಗಲ್ಲ."

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ದಾಕ್ಷಾಯಿಣಿ ಉಳಿದ ಎಂಟೂ ಮನೆಯ ಬಾಗಿಲು ತಟ್ಟಿ, ಎಲ್ಲರನ್ನೂ ತನ್ನ ಗೇಟಿನ ಮುಂದೆ ಕರೆದಳು. ಬಸವಪ್ರಭು ಒಮ್ಮೆ ಆಕೆಯ ತೋಳು ಹಿಡಿದ. ಆಕೆ ನೋಡಿದ ನೋಟಕ್ಕೆ ಬಿಟ್ಟ.

"ಅಜ್ಜ ಕಳ್ಳ ಅಲ್ಲ. ಅಂವಾ ಮಾರಿ ಮುಚ್ಚಿರಲಿಲ್ಲ. ಕ್ಯಾಮೆರಾದ ಕಣ್ಣಿಗೆ ವಿಭೂತಿ ಹಚ್ಚಿ ಅಂವನ ಮಾರಿ ಅಳಸಿದಾಕಿ ನಾನು. ಮ್ಯಾಲ ಅದನ್ನ ಅಂವನ ತಪ್ಪಂತ ಹೇಳಿದಾಕಿನೂ ನಾನ. ಹುಣ್ಣಿವಿ ರಾತ್ರಿ ಅಂವ ತೀರಿಕೊಂಡ."

ವೈಪರಿನ ಸಂಗತಿ ಹೇಳಿದಾಗ ಒಬ್ಬೊಬ್ಬರ ಮುಖವೂ ತನ್ನ ತನ್ನ ಕಾರಿನತ್ತ ತಿರುಗಿತು. ಎಷ್ಟು ಸಲ ಎದ್ದಿತ್ತು, ಎಷ್ಟು ಸಲ ಬೈದಿದ್ದೆವು ಎಂದು ಎಲ್ಲರೂ ಒಳಗೊಳಗೇ ನೆನೆಸಿಕೊಂಡರು. ರೋಹಿತ ಗಟಾರದ ಕಟ್ಟೆಯ ಮೇಲೆ ಕುಸಿದು ಕೂತ.

"ಕಾಕು, ಹಣೀಗೆ ಬಿದ್ದ ಏಟು ನಂದು. ನನ್ನ ಗಾಡಿ ವೈಪರ್ ಅಂತೂ ವಾರಕ್ಕೊಮ್ಮೆ ಏಳ್ತಿತ್ತು. ಬ್ಯಾಗ್ ಹೋದ ದಿನಾನ ಅಜ್ಜ ಊರಿಗೆ ಹೋಗಿದ್ದ, ಈಗ ನೆನಪಾಗ್ಲಿಕ್ಕತ್ತದ."

"ನಾಳೆ ಎಲ್ಲಾರೂ ಉಪ್ಪಿನಬೆಟಗೇರಿಗೆ ಹೋಗೂಣು," ಎಂದ ಬಸವಪ್ರಭು. ನೆಲ ನೋಡಿಯೇ ಹೇಳಿದ, ಆದರೆ ಹೇಳಿದ.

ಆ ರಾತ್ರಿ ದಾಕ್ಷಾಯಿಣಿ ಮಲಗಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಅಜ್ಜ ಕೊಟ್ಟಿದ್ದ, ದೇವರ ಜಗಲಿಯ ಮೇಲಿನ ಬನ್ನಿ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬ್ಯಾಟರಿ ಹಿಡಿದು ಹೊರಗೆ ಬಂದಳು. ಓಣಿಯಲ್ಲಿ ಗಾಳಿಯಿರಲಿಲ್ಲ. ನಾಯಿಗಳು ತಲೆ ಎತ್ತಿ, ಆಕೆಯನ್ನಲ್ಲ, ಆಕೆಯ ಬೆನ್ನ ಹಿಂದೆ ಓಣಿಯ ಬಾಯಿಯನ್ನು ನೋಡಿದವು. ಒಂದೊಂದಾಗಿ ಬಾಲ ಬಡಿದವು.

ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಮಗ್ಗುಲಲ್ಲೇ ನಾಲ್ಕನೇ ಕಾರಿನ ಹಿಡಿಕೆ ಕಟಕ್ಕೆಂದಿತು. ಆಕೆಯ ಕಾಲು ಓಡು ಅಂದವು. ಆಕೆ ಓಡಲಿಲ್ಲ.

"ಇದು ಆತು ಅಜ್ಜಾ," ಎಂದಳು. ಬ್ಯಾಟರಿಯನ್ನು ಐದನೆಯದರತ್ತ ತಿರುಗಿಸಿದಳು. "ಈಗ ಯಾರೂ ನಿಲ್ಸೂದಿಲ್ಲ. ನಡೀರಿ, ಇನ್ನೂ ಐದು ಉಳದಾವು."

ಐದನೆಯದನ್ನು ಜಗ್ಗಿದಳು, ಭದ್ರ. ಆರನೆಯದು ಭದ್ರ. ಏಳನೆಯದು ರೋಹಿತನದು, ಅಷ್ಟೆಲ್ಲ ಮರುಗಿದವನು ಇವತ್ತೂ ಲಾಕ್ ಹಾಕಿರಲಿಲ್ಲ. ಬಾಗಿಲು ಮುಚ್ಚಿ ವೈಪರ್ ಎಬ್ಬಿಸಿದಳು. ಎಂಟು. ಒಂಬತ್ತು. ಓಣಿ ಮುಗಿದಲ್ಲಿ ನಿಂತು, ಸೆರಗಿನ ಗಂಟು ಬಿಚ್ಚಿ, ಬನ್ನಿ ಎಲೆಯನ್ನು ಅಲ್ಲಿಯ ಕಲ್ಲಿನ ಮೇಲಿಟ್ಟು ಬ್ಯಾಟರಿ ಆರಿಸಿದಳು. ಹಿಂದಿನಿಂದ ಯಾರೂ ಬರಲಿಲ್ಲ. ಮುಂದೆ ಕತ್ತಲಿನಲ್ಲಿ, ಮಾರ್ಕೆಟ್ಟಿನ ದಿಕ್ಕಿಗೆ, ನಾಯಿಯೊಂದು ಸ್ವಲ್ಪ ದೂರ ಯಾರನ್ನೋ ಕಳಿಸಿ ಬರುವಂತೆ ಹೋಗಿ ತಿರುಗಿ ಬಂತು.

ಬೆಳಿಗ್ಗೆ ಬಸವಪ್ರಭು ಚಹಾ ಕುಡಿಯುತ್ತ ಫೋನಿನಲ್ಲಿ ರಾತ್ರಿಯದನ್ನು ನೋಡಿದ. ಕ್ಯಾಮೆರಾದ ಕಣ್ಣು ಆರನೇ ಕಾರಿನವರೆಗೆ ಹೋಗುತ್ತಿತ್ತು.

"ಒಂದೊಂದು ಗಾಡಿ ಮುಂದೂ ಬ್ಯಾಟರಿ ಹಿಡಕೊಂಡು ಹಿಂಗ ಸುಮ್ನ ನಿಂತೀಯಲ್ಲ, ಯಾಕ?"

ದಾಕ್ಷಾಯಿಣಿ ಬಗ್ಗಿ ನೋಡಿದಳು. ನಿಂತದ್ದು ಆಕೆಗೆ ನೆನಪೇ ಇರಲಿಲ್ಲ. ಐದನೆಯದರ ಹತ್ತಿರ, ಆರನೆಯದರ ಹತ್ತಿರ, ತಾನು ಹಿಡಿಕೆಗೆ ಕೈ ಹಾಕುವ ಮೊದಲು, ಒಂದು ಹೆಜ್ಜೆ ಹಿಂದೆ ಸರಿದು, ಬೆಳಕನ್ನು ತಗ್ಗಿಸಿ ಹಿಡಿದು ನಿಂತಿದ್ದಾಳೆ. ವಯಸ್ಸಾದವರು ನಿಧಾನವಾಗಿ ಒಂದು ಕೆಲಸ ಮಾಡುವಾಗ ಕಿರಿಯರು ಬೆಳಕು ಹಿಡಿದು ಕಾಯುವ ಹಾಗೆ.

ಹೊರಗೆ ರೋಹಿತ ಕಾರಿನ ಹತ್ತಿರ ಬಂದ. ಎದ್ದು ನಿಂತ ವೈಪರನ್ನು ಕಂಡ. ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಅದನ್ನು ಮಲಗಿಸಿದ.

ಆಮೇಲೆ ಫೋನು ಎರಡೂ ಇಪ್ಪತ್ತಕ್ಕೆ ತಾನಾಗಿ ಎಂದೂ ಟಿಣ್ ಎನ್ನಲಿಲ್ಲ. ಈಗ ಆ ಹೊತ್ತಿಗೆ ಅದು ಸದ್ದು ಮಾಡಿದರೆ, ಕ್ಯಾಮೆರಾದ ಮುಂದೆ ಬ್ಯಾಟರಿ ಹಿಡಿದು ಹೊರಟವಳು ದಾಕ್ಷಾಯಿಣಿಯೇ.